ಹಳೆ ಜೀಪಿನ ಬೆಲೆ: ಕಟ್ಟುವವರು ಯಾರು, ತೆರುವವರು ಯಾರು?

ಮಲೆನಾಡಿನಲ್ಲಿ ಮಾರಾಟಕ್ಕೆ ನಿಂತ ಹಳೆಯ ಜೀಪಿನ ಬೆಲೆಯನ್ನು ಇಂದು ನಿರ್ಧರಿಸುತ್ತಿರುವವನು ಅದನ್ನು ಮೂವತ್ತು ವರ್ಷ ಓಡಿಸಿದ ರೈತನಲ್ಲ. ಅದರ ಒಳಗನ್ನು ಬಲ್ಲ ಮೆಕ್ಯಾನಿಕ್ ಕೂಡ ಅಲ್ಲ. ವರ್ಷಕ್ಕೆ ನಾಲ್ಕು ವಾರಾಂತ್ಯ ಕೆಸರಿನಲ್ಲಿ ಚಕ್ರ ತಿರುಗಿಸುವ ಸುಖಕ್ಕಾಗಿ ಘಟ್ಟ ಹತ್ತಿ ಬರುವ ಹವ್ಯಾಸಿಯ ಕಿಸೆ ಅದನ್ನು ನಿರ್ಧರಿಸುತ್ತಿದೆ. ಆತ ಒಂದೆರಡು ಜೀಪುಗಳಿಗೆ ಕೊಟ್ಟ ದುಬಾರಿ ಬೆಲೆ ದಲ್ಲಾಳಿಗಳ ಬಾಯಿಂದ ಬಾಯಿಗೆ ಹರಡಿ ಇಡೀ ಸೀಮೆಯ ದರವಾಗಿಬಿಡುತ್ತದೆ. ಅದರ ಫಲವಾಗಿ ಎಂಜಿನ್ ಎಣ್ಣೆ ಕುಡಿಯುತ್ತಿರುವ, ಚಾಸಿ ತುಕ್ಕು ಹಿಡಿದಿರುವ, ನೋಂದಣಿಯ ಅವಧಿ ಮುಗಿದಿರುವ ಜೀಪಿಗೂ 'ಒಂದಿಷ್ಟು ಕೆಲಸ ಇದೆ, ಅಷ್ಟೆ' ಎಂಬ ಮಾತಿನೊಡನೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಹೇಳಲಾಗುತ್ತಿದೆ. ಈ ಬೆಲೆ ತಪ್ಪು. ಅದರ ಅಸಲನ್ನು ನಮ್ಮ ಹಳ್ಳಿಯ ಯುವಕರು ಕಟ್ಟುತ್ತಾರೆ. ಬಡ್ಡಿಯನ್ನು ನಮ್ಮ ಗುಡ್ಡಗಳು ಕಟ್ಟುತ್ತಿವೆ ಎಂಬುದು ಈ ಲೇಖನದ ವಾದ.

ಪರಿಸರದ ಪತ್ರಿಕೆಯಲ್ಲಿ ಜೀಪಿನ ವ್ಯಾಪಾರದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅಂಥವರು ಮಳೆಗಾಲದ ಒಂದು ಭಾನುವಾರ ಕೊಡಚಾದ್ರಿಯ ಜೀಪು ದಾರಿಯಲ್ಲೋ ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಹಾದಿಯಲ್ಲೋ ಅರ್ಧ ಗಂಟೆ ನಿಂತು ನೋಡಲಿ. ಅಲ್ಲಿ ಸಾಲುಗಟ್ಟಿ ಏರುವ ಜೀಪುಗಳಲ್ಲಿ ಎಷ್ಟು ಸಾಲದ ಮೇಲೆ ಓಡುತ್ತಿವೆ ಎಂದು ಚಾಲಕರನ್ನು ವಿಚಾರಿಸಲಿ. ಆಗ ಮಾತಿನ ಸಂಬಂಧ ತಾನೇ ತಿಳಿಯುತ್ತದೆ.

ಜೀಪನ್ನು ಶತ್ರುವೆಂದು ಬಗೆಯುವ ಪರಿಸರವಾದ ನನ್ನದಲ್ಲ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ ಮೇಲೆ ಈ ವಾಹನ ನಿಧಾನವಾಗಿ ಘಟ್ಟದ ಎಸ್ಟೇಟುಗಳಿಗೂ, ಅಲ್ಲಿಂದ ಸಣ್ಣ ಹಿಡುವಳಿದಾರರ ಅಂಗಳಕ್ಕೂ ಬಂತು. ಪೆಟ್ರೋಲಿನ ಜಾಗವನ್ನು ಡೀಸೆಲ್ ಆಕ್ರಮಿಸಿತು. ಎಂಎಂ 540ರಂಥ ಮಾದರಿಗಳು ಪ್ಯೂಜೋ ಕಂಪನಿಯ ವಿನ್ಯಾಸದ ಎಂಜಿನ್ ಹೊತ್ತು ಬಂದವು. ಬಸ್ಸು ಬಾರದ ಊರಿನ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಗೊಬ್ಬರವನ್ನು ತೋಟದ ತಲೆಗೆ ಏರಿಸಿದ್ದು, ಹಾಲಿನ ಕ್ಯಾನುಗಳನ್ನು ಡೈರಿಗೆ ಇಳಿಸಿದ್ದು ಇದೇ ಜೀಪು. ಜೀಪೂ ಹೋಗಲಾರದ ಕೇರಿಗಳಲ್ಲಿ ಇಂದಿಗೂ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕಾಗಿದೆ. ಕಂಪ್ಯೂಟರಿನ ಹಂಗಿಲ್ಲದ, ಸುತ್ತಿಗೆ-ಸ್ಪ್ಯಾನರಿಗೆ ಮಣಿಯುವ, ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲೇ ಸಿಗುವ ಯಂತ್ರವೊಂದನ್ನು ದುರಸ್ತಿ ಮಾಡಿಕೊಂಡು ಇನ್ನೂ ಹತ್ತು ವರ್ಷ ಬಳಸುವುದು, ಹೊಸದೊಂದಕ್ಕಾಗಿ ಕಬ್ಬಿಣವನ್ನು ಅಗೆದು ಕರಗಿಸುವುದಕ್ಕಿಂತ ವಿವೇಕದ ದಾರಿ. ಕುದುರೆಮುಖದ ಗಣಿ ನಿಲ್ಲಲು 2005ರ ಡಿಸೆಂಬರ್‌ವರೆಗೆ ಕಾಯಬೇಕಾಗಿ ಬಂದ ಈ ಸೀಮೆಯ ಜನಕ್ಕೆ ಕಬ್ಬಿಣದ ನಿಜಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೆಟ್ಟಿರುವುದು ಜೀಪಲ್ಲ, ಅದರ ಬೆಲೆ ಕಟ್ಟುವ ಕ್ರಮ. ಮಾರುತಿ ಜಿಪ್ಸಿಯನ್ನು ಸಾರ್ವಜನಿಕರಿಗೆ ಮಾರುವುದು ನಿಂತುಹೋಯಿತು. ಥಾರ್ 2010ರಲ್ಲಿ ಬಂದು, 2020ರಲ್ಲಿ ಹೊಸ ರೂಪ ತಳೆದು, ರೈತನ ಕೈಗೆಟುಕದ ನಗರವಾಹನವಾಯಿತು. ಹೀಗಾಗಿ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಸರಳವಾದ ಹಳೆ ಜೀಪಿಗೆ ಇಬ್ಬರು ಗಿರಾಕಿಗಳು ಉಳಿದರು. ಒಬ್ಬನಿಗೆ ಅದು ಅನಿವಾರ್ಯ, ಇನ್ನೊಬ್ಬನಿಗೆ ಆಟಿಕೆ. ಆಟಿಕೆಗೆ ಬೆಲೆ ಕಟ್ಟುವಾಗ ಯಾರೂ ಅದು ಮಾಡುವ ಕೆಲಸವನ್ನು ಅಳೆಯುವುದಿಲ್ಲ. ಅಗಲವಾದ ಟೈರು, ಹೊಳೆಯುವ ಬಣ್ಣ, ಮುಂದಿನ ವಿಂಚು, 'ಮಿಲಿಟರಿ ಗಾಡಿ' ಎಂಬ ಬಿರುದು ಇವನ್ನೇ ಅಳೆಯುತ್ತಾರೆ. ಕೆಲಸಕ್ಕೆಂದು ಕೊಳ್ಳುವವನೂ ಅದೇ ಅಳತೆಗೋಲನ್ನು ಹಿಡಿದರೆ ಅವನ ಗತಿ ಏನು?

ಕೆಲಸದ ಜೀಪಿನ ಬೆಲೆಗೆ ಲೆಕ್ಕವೊಂದಿದೆ. ಅದೇ ಮಾದರಿಯ, ಅದೇ ವಯಸ್ಸಿನ, ಕಾಗದಪತ್ರ ಸರಿಯಿರುವ, ನಾಳೆಯೇ ಹೊರೆ ಹೊತ್ತು ಘಟ್ಟ ಏರಬಲ್ಲ ಜೀಪಿಗೆ ನಮ್ಮ ಸೀಮೆಯ ರೈತ ಏನು ಕೊಟ್ಟಾನು ಎಂಬುದು ಆರಂಭದ ಅಂಕಿ. ಅದರಿಂದ ದುರಸ್ತಿಯ ಪೂರ್ಣ ವೆಚ್ಚವನ್ನು ಕಳೆಯಬೇಕು: ಬಿಡಿಭಾಗ, ಕೂಲಿ, ಗ್ಯಾರೇಜಿಗೆ ಎಳೆದೊಯ್ಯುವ ಖರ್ಚು ಎಲ್ಲ ಸೇರಿ. ಬಿಚ್ಚಿದ ಮೇಲಷ್ಟೇ ಕಾಣುವ ದೋಷಗಳಿಗಾಗಿ ಆ ವೆಚ್ಚದ ಕಾಲು ಭಾಗವನ್ನಾದರೂ ಮತ್ತೆ ಕಳೆಯಬೇಕು. ಆಮೇಲೆ ಕಾಗದಪತ್ರಗಳ ವೆಚ್ಚ. ಉಳಿದದ್ದು ಬೆಲೆ. ಅದು ಗುಜರಿಯ ತೂಕದ ಬೆಲೆಗಿಂತ ಕಡಿಮೆಯಾದರೆ ಆ ಜೀಪು ವಾಹನವಲ್ಲ, ಬಿಡಿಭಾಗಗಳ ರಾಶಿ. ಹಾಗೆಂದೇ ತಿಳಿದು ಕೊಳ್ಳಬೇಕು ಅಥವಾ ಬಿಡಬೇಕು.

ದೃಷ್ಟಾಂತಕ್ಕೆ ಕೆಲವು ಅಂಕಿಗಳನ್ನು ಊಹಿಸೋಣ. ಇವು ಪೇಟೆಯ ದರವಲ್ಲ, ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು. ಸುಸ್ಥಿತಿಯ ಜೀಪಿಗೆ 3,00,000 ರೂಪಾಯಿ ಎಂದಿರಲಿ. ಎಂಜಿನ್ ಕೆಲಸಕ್ಕೆ 60,000, ಗೇರ್‌ಬಾಕ್ಸು ಮತ್ತು ಫೋರ್‌ವೀಲಿನ ಟ್ರಾನ್ಸ್‌ಫರ್ ಕೇಸಿಗೆ 25,000, ಮುಂದಿನ ಆಕ್ಸಲಿಗೆ 20,000, ಚಾಸಿ ಬೆಸುಗೆಗೂ ನೆಲಹಾಸಿನ ತಗಡಿಗೂ 25,000, ಟೈರುಗಳಿಗೆ 28,000, ಬ್ರೇಕು ಮತ್ತು ವೈರಿಂಗಿಗೆ 17,000. ಒಟ್ಟು 1,75,000. ಕಾಣದ ದೋಷಗಳಿಗೆಂದು 45,000, ಕಾಗದಪತ್ರಗಳಿಗೆ 20,000. ಎಲ್ಲ ಸೇರಿ 2,40,000 ಕಳೆದರೆ ಉಳಿಯುವುದು 60,000. ಅದೇ ಜೀಪಿಗೆ ದಲ್ಲಾಳಿ 2,20,000 ಹೇಳುತ್ತಾನೆ, ಹುಡುಗ ಸಾಲ ಮಾಡಿ ಕೊಡುತ್ತಾನೆ. ದುರಸ್ತಿಯೆಲ್ಲ ಮುಗಿಯುವ ಹೊತ್ತಿಗೆ ಅವನ ಕೈಬಿಟ್ಟದ್ದು 4,60,000; ಅವನ ಅಂಗಳದಲ್ಲಿರುವುದು 3,00,000ದ ಜೀಪು. ನಡುವಿನ 1,60,000 ರೂಪಾಯಿಗೆ ಪ್ರತಿಯಾಗಿ ಅವನಿಗೆ ದಕ್ಕಿದ ವಸ್ತು ಯಾವುದೂ ಇಲ್ಲ. ಪ್ರವಾಸಿಗರನ್ನು ಗುಡ್ಡಕ್ಕೆ ಒಯ್ಯುವ ಒಂದು ಸುತ್ತಿನಲ್ಲಿ ಡೀಸೆಲ್ ಕಳೆದು ಸಾವಿರ ರೂಪಾಯಿ ಉಳಿಯಿತೆಂದರೂ, ಆ ಶೂನ್ಯವನ್ನು ತುಂಬಲೆಂದೇ ಅವನು 160 ಸುತ್ತು ಗುಡ್ಡ ಹತ್ತಬೇಕು. ಬಡ್ಡಿಯ ಸುತ್ತುಗಳು ಬೇರೆ. ಈ 160 ಎಂಬ ಅಂಕಿಗೆ ಮುಂದೆ ಮರಳುತ್ತೇನೆ.

ದುರಸ್ತಿಯ ವೆಚ್ಚವನ್ನು ಅಂದಾಜು ಮಾಡುವುದು ಹೇಗೆ? ಬಣ್ಣದಿಂದ ಖಂಡಿತ ಅಲ್ಲ. ಜೀಪಿನ ತಗಡಿನ ಮೈಯನ್ನು ಹೊಸದಾಗಿ ಕೂರಿಸಬಹುದು; ಅದು ಅಂಗಿ ಬದಲಿಸಿದಷ್ಟೇ. ಅದರ ಬೆನ್ನೆಲುಬು ಚಾಸಿ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಚಾಸಿಯ ಪೆಟ್ಟಿಗೆಯಂಥ ಪೊಳ್ಳಿನೊಳಗೆ ಕೆಸರು ಕೂತು, ಒಳಗಿನಿಂದಲೇ ಕಬ್ಬಿಣ ತಿನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ಮೊನೆ ಇಳಿದರೆ ಬೆಲೆಯೂ ಇಳಿಯಬೇಕು. ದಪ್ಪಗೆ ಬಳಿದ ಹೊಸ ಡಾಂಬರು ಬಣ್ಣ ಚಾಸಿಯ ಮೇಲೆ ಕಂಡರೆ ಅದನ್ನು ಆರೈಕೆಯ ಲಕ್ಷಣವೆಂದು ನಂಬಬಾರದು, ಏನನ್ನು ಮುಚ್ಚಲಾಗಿದೆ ಎಂದು ಕೇಳಬೇಕು.

ಎಂಜಿನನ್ನು ರಾತ್ರಿಯಿಡೀ ತಣಿದಿರುವಾಗಲೇ, ನಮ್ಮೆದುರಿಗೇ ಚಾಲೂ ಮಾಡಿಸಬೇಕು. ನಾವು ಹೋಗುವಷ್ಟರಲ್ಲಿ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಎದ್ದುಬರಬೇಕು. ನಿಲ್ಲದ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವ ಗುರುತು. ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳ ತೆರೆದರೆ ಗಾಳಿ ರಭಸದಿಂದ ಉಸಿರುಗರೆದರೆ ಪಿಸ್ಟನ್ ಉಂಗುರಗಳು ಸವೆದಿವೆ ಎಂದರ್ಥ. ಫೋರ್‌ವೀಲ್ ಹಾಕಿ ನೋಡುವುದನ್ನು ಮಾತ್ರ ಡಾಂಬರು ರಸ್ತೆಯ ಮೇಲೆ ಮಾಡಬಾರದು. ಮುಂದಿನ-ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಸಾಗುವುದರಿಂದ ನಡುವಿನ ಹಲ್ಲುಗಾಲಿಗಳು ಬಿಗಿದುಕೊಂಡು ಇದ್ದ ಜೀವವೂ ಹೋದೀತು. ಸಡಿಲ ಮಣ್ಣಿನ ಏರಿನಲ್ಲಿ ಲೋ ಗೇರಿಗೆ ಹಾಕಿ, ಹಿಡಿದ ಗೇರು ತಾನಾಗಿ ಹಾರುತ್ತದೆಯೇ, ಮುಂದಿನ ಚಕ್ರ ನಿಜಕ್ಕೂ ಎಳೆಯುತ್ತದೆಯೇ ಎಂದು ನೋಡಬೇಕು. ಎಷ್ಟೋ ಜೀಪುಗಳಲ್ಲಿ ಫೋರ್‌ವೀಲಿನ ಲಿವರ್ ಇರುತ್ತದೆ, ಫೋರ್‌ವೀಲ್ ಇರುವುದಿಲ್ಲ. ಆದರೂ ಬೆಲೆ ಮಾತ್ರ ಫೋರ್‌ವೀಲಿನದೇ.

ಇನ್ನು ಕಾಗದಪತ್ರ. ಇಲ್ಲಿ ನಮ್ಮವರ ಉದಾಸೀನಕ್ಕೆ ಮಿತಿಯಿಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ವಾಹನ ತಪಾಸಣೆಯಲ್ಲಿ ಗೆದ್ದರೆ ಐದೈದು ವರ್ಷಕ್ಕೆ ನವೀಕರಣ. 15 ವರ್ಷ ಮೀರಿದ ಲಘು ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 10,000 ಎಂದಾಯಿತು. ತೆರಿಗೆ, ವಿಮೆ, ತಡಮಾಡಿದ್ದಕ್ಕೆ ಹೆಚ್ಚುವರಿ ಇವೆಲ್ಲ ಬೇರೆ. ಹುಟ್ಟಿನಲ್ಲಿ ಪೆಟ್ರೋಲಿನದಾಗಿದ್ದ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ, ಆರ್‌ಸಿಯಲ್ಲಿ ಅದನ್ನು ದಾಖಲಿಸದೆ ಬಿಟ್ಟಿರುವುದು ನಮ್ಮಲ್ಲಿ ಅಪರೂಪವಲ್ಲ. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಕಬ್ಬಿಣದ ಮೇಲಿನ ಸಂಖ್ಯೆಗಳೊಡನೆ ಕೂಡಿಬರದಿದ್ದರೆ ಮುಂದಿನ ನವೀಕರಣವೇ ಸಂಶಯ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಎಂದ ಮೇಲೆ ಆ ಮಾರ್ಪಾಡುಗಳಿಗಾಗಿ ಹೆಚ್ಚು ಬೆಲೆ ಕೇಳುವುದು, ದಂಡಕ್ಕೆ ಕಾರಣವಾಗುವ ವಸ್ತುವಿಗೆ ದುಡ್ಡು ಕೇಳಿದಂತೆ! ಖಾಸಗಿ ನೋಂದಣಿಯ ಬಿಳಿ ಫಲಕದ ಜೀಪಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದಂತೂ ಪರವಾನಗಿಯಿಲ್ಲದ ದುಡಿಮೆ. ಅಪಘಾತವಾದರೆ ವಿಮಾ ಕಂಪನಿಗೆ ಕೈಕೊಡವಲು ಅದೊಂದೇ ನೆಪ ಸಾಕು.

ಈಗ 160 ಸುತ್ತುಗಳ ಮಾತು. ಮಣ್ಣು ನನ್ನ ವೃತ್ತಿ. ಆದ್ದರಿಂದ ಇಲ್ಲಿ ತುಸು ನಿಧಾನಿಸುತ್ತೇನೆ. ಹನ್ನೆರಡು-ಹದಿಮೂರು ಕ್ವಿಂಟಲ್ ತೂಗುವ ಜೀಪಿಗೆ ಎಂಟು ಜನ ಹತ್ತಿದರೆ ಒಂದೊಂದು ಚಕ್ರದ ಮೇಲೂ ನಾಲ್ಕು ಕ್ವಿಂಟಲಿಗೆ ಕಡಿಮೆಯಿಲ್ಲದ ಭಾರ. 'ದನ ಮೇಯುವುದಿಲ್ಲವೆ, ಗೊರಸು ಒತ್ತುವುದಿಲ್ಲವೆ?' ಎಂದು ಜೀಪಿನ ಪರ ವಾದಿಸುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗೊರಸಿನ ಕೆಳಗಿನ ಒತ್ತಡ ಟೈರಿನ ಕೆಳಗಿನದಕ್ಕಿಂತ ಬಹಳ ಕಡಿಮೆಯೇನೂ ಅಲ್ಲ. ಆದರೆ ದನ ಹರಡಿ ಮೇಯುತ್ತದೆ, ಚಕ್ರ ಹೋದ ದಾರಿಯಲ್ಲೇ ಹೋಗುತ್ತದೆ. ದನ ಇಳಿಜಾರಿಗೆ ಅಡ್ಡಡ್ಡಲಾಗಿ ನಡೆಯುತ್ತದೆ, ಜೀಪು ನೇರವಾಗಿ ಏರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗೊರಸು ಜಾಗದಲ್ಲೇ ಗಿರಗಿರನೆ ತಿರುಗುವುದಿಲ್ಲ. ಏರಿನಲ್ಲಿ ಜಾರಿದ ಚಕ್ರ ಹುಲ್ಲಿನ ಬೇರಿನ ಹೆಣಿಗೆಯನ್ನು ಹರಿದು ಹಿಂದಕ್ಕೆ ಎಸೆಯುತ್ತದೆ. ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ತೆಳುವಾದ ಮೇಲ್ಮಣ್ಣನ್ನು ಹಿಡಿದಿಟ್ಟಿರುವುದು ಆ ಹೆಣಿಗೆಯೊಂದೇ.

ಮಣ್ಣು ಅತಿ ಹೆಚ್ಚು ಒತ್ತಿಕೊಳ್ಳುವುದು ಅದು ಒಣಗಿದಾಗ ಅಲ್ಲ, ಹದವಾಗಿ ತೊಯ್ದಾಗ. ಪ್ರವಾಸಿ ಮಂಜು ನೋಡಲು ಬರುವುದೂ ಆಗಲೇ. ಒತ್ತಿದ ಮಣ್ಣಿನಲ್ಲಿ ನೀರಿಳಿಯುವ ದೊಡ್ಡ ರಂಧ್ರಗಳು ಮೊದಲು ಮುಚ್ಚುತ್ತವೆ. ಇಂಗಬೇಕಾದ ಮಳೆ ಚಕ್ರದ ಜಾಡಿನಲ್ಲಿ ಹರಿಯತೊಡಗುತ್ತದೆ. ಮೊದಲ ವರ್ಷ ಜಾಡು, ಆಮೇಲೆ ಚರಂಡಿ, ಕಡೆಗೆ ಕೊರಕಲು. ಕೊರಕಲಿನಲ್ಲಿ ಜೀಪು ಏರಲಾಗದಾಗ ಚಾಲಕ ಪಕ್ಕದ ಹುಲ್ಲಿಗೆ ತಿರುಗಿಸುತ್ತಾನೆ, ಇನ್ನೊಂದು ಜಾಡು ಹುಟ್ಟುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಸೀಮೆಯಲ್ಲಿ ಶೋಲಾ ಕಾಡು ಬೇಸಿಗೆಯಲ್ಲೂ ಹಳ್ಳಕ್ಕೆ ನೀರು ಬಿಡುವುದು ಅದರ ಸುತ್ತಲಿನ ಹುಲ್ಲುಗಾವಲು ಮಳೆಗಾಲದಲ್ಲಿ ನೀರು ಕುಡಿದಿರುವುದರಿಂದ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜಾರಿದ್ದನ್ನು ಕಂಡಿದ್ದೇವೆ. ಅವಕ್ಕೆ ಜೀಪೇ ಕಾರಣವೆಂದು ಹೇಳುವ ಉತ್ಪ್ರೇಕ್ಷೆ ನನ್ನಿಂದಾಗದು. ಅತಿವೃಷ್ಟಿ, ಇಳಿಜಾರನ್ನು ಕಡಿದ ರಸ್ತೆ-ಕಟ್ಟಡಗಳು ದೊಡ್ಡ ಕಾರಣಗಳು. ಆದರೆ ನೀರು ಎಲ್ಲಿ ಇಂಗಬೇಕು, ಎಲ್ಲಿ ಹರಿಯಬೇಕು ಎಂಬ ಗುಡ್ಡದ ವ್ಯವಸ್ಥೆಯನ್ನು ಕದಡುವ ಯಾವುದನ್ನೂ ಆ ಎರಡು ಮಳೆಗಾಲಗಳ ತರುವಾಯ ಮೋಜು ಎಂದು ಕರೆಯಲು ಮನಸ್ಸೊಪ್ಪುವುದಿಲ್ಲ.

ಸರಿಯಾದ ಬೆಲೆಗೆ ಜೀಪು ಕೊಂಡ ಹುಡುಗನಿಗೆ ಮಳೆ ಜೋರಾದ ದಿನ ಮನೆಯಲ್ಲಿ ಕೂರುವ ಸ್ವಾತಂತ್ರ್ಯವಿರುತ್ತದೆ. ಕಂತಿನ ದಿನ ಹತ್ತಿರ ಬಂದವನಿಗೆ ಅದಿಲ್ಲ. ಅರಣ್ಯ ಇಲಾಖೆ ಗೇಟಿನಲ್ಲಿ ಎಷ್ಟು ಫಲಕ ಹಾಕಿದರೇನು? ಗುಡ್ಡದ ಮೇಲೆ ಓಡುವ ಜೀಪುಗಳ ಸಂಖ್ಯೆಯನ್ನು ಆ ಫಲಕ ನಿರ್ಧರಿಸುವುದಿಲ್ಲ, ಸಾಲದ ಪುಸ್ತಕ ನಿರ್ಧರಿಸುತ್ತದೆ.

'ಕೊಳ್ಳುವವನು ಒಪ್ಪಿ ಕೊಟ್ಟದ್ದೇ ಬೆಲೆ' ಎಂಬುದು ದಲ್ಲಾಳಿಗಳ ತತ್ತ್ವ. ಅಡಿಕೆ ಮಾರುವಾಗ ಇದೇ ಮಾತನ್ನು ವ್ಯಾಪಾರಿ ಹೇಳಿದರೆ ನಾವು ಒಪ್ಪುತ್ತೇವೆಯೆ? ಅಲ್ಲಿ ತೇವಾಂಶ ಎಷ್ಟು, ಕಲಬೆರಕೆ ಎಷ್ಟು, ತೂಕ ಸರಿಯೇ ಎಂದು ಜಗಳವಾಡುತ್ತೇವೆ, ಸಹಕಾರ ಸಂಘ ಕಟ್ಟಿಕೊಂಡಿದ್ದೇವೆ. ಒಂದು ಕ್ವಿಂಟಲ್ ಅಡಿಕೆಗೆ ತೋರಿಸುವ ಎಚ್ಚರವನ್ನು ಹನ್ನೆರಡು ಕ್ವಿಂಟಲ್ ಕಬ್ಬಿಣಕ್ಕೆ ತೋರಿಸುವುದಿಲ್ಲವೆಂದರೆ ಅಚ್ಚರಿಯಲ್ಲವೆ? 'ಹಳೆ ಜೀಪಿನ ಬೆಲೆ ಏರುತ್ತಲೇ ಇರುತ್ತದೆ, ಅದು ಚಿನ್ನವಿದ್ದಂತೆ' ಎಂಬುದು ಇನ್ನೊಂದು ಮಂತ್ರ. ಷೆಡ್ಡಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸುವವನಿಗೆ ಅದು ನಿಜವಾದೀತು. ದಿನವೂ ಗೊಬ್ಬರ ಹೊರುವ, ಹೊಳೆ ದಾಟುವ ಜೀಪು ದಿನವೂ ಸವೆಯುತ್ತದೆ. ಅದನ್ನು ಚಿನ್ನವೆಂದು ಕೊಂಡು ಕಬ್ಬಿಣವೆಂದು ಮಾರಬೇಕಾಗುತ್ತದೆ.

ತೂಕವಿರುವ ಆಕ್ಷೇಪಣೆ ಒಂದೇ. ಮಾರುವವನೂ ಬಡ ರೈತನೇ ಅಲ್ಲವೆ, ನಗರದವನು ಹೆಚ್ಚು ಕೊಟ್ಟರೆ ಅವನ ಮಗಳ ಮದುವೆಯೋ ಓದೋ ಆಗುತ್ತದಲ್ಲವೆ ಎಂಬುದು. ಹೌದು, ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಹಣದ ಬಹುಪಾಲು ರೈತನ ಮನೆಗೆ ಹೋಗುತ್ತದೆಯೇ ಎಂಬುದನ್ನು ನೋಡಬೇಕು. ರೈತನಿಗೆ 'ಇದು ಗುಜರಿ' ಎಂದು ಹೇಳಿ ಕೊಂಡವನೇ ಬಣ್ಣ ಬಳಿದು, ಟೈರು ಬದಲಿಸಿ, 'ಇದು ಅಪರೂಪದ್ದು' ಎಂದು ಮಾರುತ್ತಾನೆ. ಲೆಕ್ಕ ತಿಳಿಯದಿದ್ದರೆ ಮಾರುವವನಿಗೂ ನಷ್ಟ, ಕೊಳ್ಳುವವನಿಗೂ ನಷ್ಟ.

ಆದ್ದರಿಂದ ಪ್ರತಿ ಊರಿನಲ್ಲೂ ಜೀಪಿನ ವ್ಯವಹಾರಕ್ಕೆ ಮುನ್ನ ಮಾರುವವನ ಕಡೆಯವನೂ ಅಲ್ಲದ, ಕೊಳ್ಳುವವನ ಕಡೆಯವನೂ ಅಲ್ಲದ ಮೆಕ್ಯಾನಿಕ್ ಒಬ್ಬರಿಂದ ದುರಸ್ತಿಯ ಅಂದಾಜನ್ನು ಕಾಗದದ ಮೇಲೆ ಬರೆಸಿ, ಅವರಿಗೆ ಅರ್ಧ ದಿನದ ಕೂಲಿ ಕೊಡುವ ರೂಢಿ ಬರಲಿ. ಐಟಿಐಯಲ್ಲಿ, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಈ ಲೆಕ್ಕವನ್ನು ಮಾಡಿಕೊಡಲಿ. ತಾಲ್ಲೂಕಿನ ಗ್ಯಾರೇಜುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ತಯಾರಿಸಿ ಹಾಲಿನ ಡೈರಿಯ ಗೋಡೆಗೆ ಅಂಟಿಸಲಿ. ಮಾರುವವರು ಮೊದಲು ಊರಿನವರಿಗೆ ಹೇಳಲಿ. ಅಂದಾಜು ಬರುವ ಮೊದಲು ಯಾರೂ ಮುಂಗಡ ಕೊಡದಿರಲಿ. ಮುಂಗಡ ಕೊಟ್ಟವನ ಕಣ್ಣಿಗೆ ತುಕ್ಕು ಕಾಣುವುದಿಲ್ಲ.

ಮಾರುವವರಿಗೆ ಇನ್ನೊಂದು ಮಾತು. ಜೀಪಿನ ಕೀಲಿಕೈ ಕೊಟ್ಟು ಹಣ ಎಣಿಸಿಕೊಂಡ ಮಾತ್ರಕ್ಕೆ ಮಾರಾಟ ಮುಗಿಯಲಿಲ್ಲ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೇ ನಮೂನೆಗಳಿವೆ. ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡುವ ಪದ್ಧತಿಯೇ ನಮ್ಮಲ್ಲಿ ಹೆಚ್ಚು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ನೀವು ಮಾರಿದ ಜೀಪು ಮೂರು ಕೈ ದಾಟಿ, ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ರಾತ್ರಿ ಹೊತ್ತು ಸಿಕ್ಕಿಬಿದ್ದರೆ ವನ್ಯಜೀವಿ ಕಾಯಿದೆಯಡಿ ಅದನ್ನು ವಶಪಡಿಸಿಕೊಳ್ಳುವ ಅಧಿಕಾರಿ ಮೊದಲು ಹುಡುಕುವುದು ಆರ್‌ಸಿಯಲ್ಲಿರುವ ವಿಳಾಸವನ್ನು. ಆ ವಿಳಾಸ ಇನ್ನೂ ನಿಮ್ಮದೇ ಆಗಿದೆಯೇ ಎಂಬುದನ್ನು, ಈ ಸಂಚಿಕೆ ಕೈಸೇರಿದ ವಾರದೊಳಗೆ ಹತ್ತಿರದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.